ಗಾಳಿ ಬೇಡವೆಂದ ಟೈಲರಮ್ಮ

ಟೈಲರಮ್ಮ ಐವತ್ತು ವರ್ಷ ಒಳನಾಡಿನ ಒಣಹವೆಯಲ್ಲಿ ಬಾಳಿದವರು. ಸಮುದ್ರದ ಪಕ್ಕದ ಈ ಬಡಾವಣೆಯ ಆಸ್ಪತ್ರೆಯಲ್ಲಿ ಮಗಳಿಗೆ ನರ್ಸ್ ಕೆಲಸ ಸಿಕ್ಕಿತೆಂದು, ಹೊಲಿಗೆ ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದಿದ್ದರು. ಇಳಿದ ದಿನದಿಂದಲೇ ದೂರು ಶುರು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು, ಡಬ್ಬಿಯಲ್ಲಿಟ್ಟ ಉಪ್ಪು ನೀರೊಡೆಯುತ್ತದೆ, ಗೇಟಿನ ಚಿಲಕ ತುಕ್ಕು ಹಿಡಿದು ಕೈಗೇ ಬರುತ್ತದೆ. ಸಂಜೆ ಸಮುದ್ರದ ಗಾಳಿ ಬೀಸಿದ್ದೇ ತಡ, ಬೀದಿಯವರೆಲ್ಲ ಕಿಟಕಿ ತೆರೆದರೆ ಇವರು ಪಟಪಟನೆ ಮುಚ್ಚುವರು. ಧೂಳಿನ ಊರಿನಿಂದ ಬಂದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಟ್ಟೀತೇ?

ಯಂತ್ರಕ್ಕಂತೂ ರಾಜೋಪಚಾರ. ಕೆಲಸ ಮುಗಿದೊಡನೆ ಪ್ಲಾಸ್ಟಿಕ್ ಹೊದಿಸಿ, ಗಾಳಿಯಾಡದಂತೆ ದಾರ ಬಿಗಿಯುತ್ತಿದ್ದರು. ಶಾಲೆಯೊಂದರ ನಲವತ್ತು ಷರ್ಟುಗಳು ಅರ್ಧಕ್ಕೆ ಬಂದಿದ್ದಾಗ, ಭಾನುವಾರ ಬೆಳಿಗ್ಗೆ ಚಕ್ರ ಅಲುಗಲೇ ಇಲ್ಲ. ಸೋಮವಾರ ಷರ್ಟು ಕೊಡದಿದ್ದರೆ ಆ ಕೆಲಸ ಕೈತಪ್ಪುತ್ತದೆ, ಮಗಳೊಬ್ಬಳ ದುಡಿಮೆಯಲ್ಲಿ ಇಲ್ಲಿ ಬಾಳುವುದು ಆಗದ ಮಾತು. ಹೋದ ವಾರವಷ್ಟೇ ಅವಳು ಹೇಳಿದ್ದಳು, "ನಿಂಗಿಲ್ಲಿ ಆಗಲ್ಲ ಅಂದ್ರೆ ಹೇಳಮ್ಮ, ನಾನೇ ಕೆಲಸ ಬಿಡ್ತೀನಿ." ಆ ಕೆಲಸವೆಂದರೆ ಹುಡುಗಿಗೆ ಪ್ರಾಣ.

ಬೇರೆ ದಾರಿ ಕಾಣದೆ ಪಕ್ಕದ ಮನೆಯ ಫ್ರಿಜ್ ರಿಪೇರಿಯವನನ್ನು ಕರೆದರು. ಎಂಟು ತಿಂಗಳಲ್ಲಿ ಆ ಮನೆಯವರ ಜೊತೆ ಎಂಟು ಮಾತನ್ನೂ ಆಡಿರಲಿಲ್ಲ. ಅವನು ಪ್ಲಾಸ್ಟಿಕ್ಕಿನ ಒಳಮೈ ಒರೆಸಿ, ಒದ್ದೆ ಬೆರಳು ತೋರಿಸಿದ.

"ಏನಕ್ಕಾ, ಮಿಷಿನ್ನಿಗೆ ದಿನಾ ಸ್ನಾನ ಮಾಡಿಸ್ತಿದ್ರಾ?"

"ಅಯ್ಯೋ, ಗಾಳಿ ತಾಗಬಾರ್ದು ಅಂತ..."

"ಗಾಳಿ ತಾಗ್ಬೇಕು ಅಕ್ಕಾ. ಹತ್ತಿ ಬಟ್ಟೆ ಹೊದಿಸಿ, ಎಣ್ಣೆ ಬಿಡಿ, ಕಿಟಕಿ ತೆಗೀರಿ. ಇಲ್ಲಿ ಮುಚ್ಚಿಟ್ಟಿದ್ದೇ ಮೊದ್ಲು ಹಾಳಾಗೋದು."

ಅತಿಯಾದರೆ ಅಮೃತವೂ ವಿಷ. ಜೋಪಾನ ಮಾಡಿ ಮಾಡಿ ನಾನೇ ಕೊಂದೆನಲ್ಲಾ ಎಂದು ಟೈಲರಮ್ಮ ಹಣೆ ಚಚ್ಚಿಕೊಂಡರು. ಅವನು ಮಾತ್ರ ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಲೇ ಇದ್ದ. ಅವನ ಹೆಂಡತಿ ಯಾರೂ ಕರೆಯದೆಯೇ ಬಂದು, ಹೊಲಿದಿಟ್ಟಿದ್ದ ಷರ್ಟುಗಳಿಗೆ ಗುಂಡಿ ಹಾಕತೊಡಗಿದಳು. ರಜೆಯ ದಿನವೆಂಬ ಗೊಣಗಾಟ ಇಬ್ಬರ ಬಾಯಲ್ಲೂ ಬರಲಿಲ್ಲ. ಮಧ್ಯಾಹ್ನ ಎರಡಕ್ಕೆ ಚಕ್ರ ತಿರುಗಿತು. ಈ ಊರನ್ನು ಅಷ್ಟೆಲ್ಲ ಬೈದಿದ್ದ ಟೈಲರಮ್ಮ ಕಣ್ಣು ತುಂಬಿಕೊಂಡು ಇಬ್ಬರ ಕೈಯನ್ನೂ ಹಿಡಿದುಕೊಂಡರು. ತನ್ನವರೆಂದು ಇಲ್ಲಿ ಯಾರಿದ್ದಾರೆ ಎಂದು ಇಷ್ಟು ದಿನ ಕೊರಗಿದ್ದಕ್ಕೆ ಅವರಿಗೆ ನಾಚಿಕೆಯೂ ಆಯಿತು.

ಸಂಜೆ ಮಗಳು ಬಂದಾಗ ಹೊಲಿಗೆ ಭರದಿಂದ ಸಾಗಿತ್ತು. ಅವಳು ಯಂತ್ರದ ಕಡೆ ನೋಡಲೂ ಇಲ್ಲ. ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದಳು. "ನಿನ್ನ ಗೋಳು ನೋಡೋಕಾಗಲ್ಲಮ್ಮ. ರಾಜೀನಾಮೆ ಬರೆದಿದ್ದೀನಿ, ನಾಳೆ ಕೊಡ್ತೀನಿ."

ಟೈಲರಮ್ಮ ಅದನ್ನು ಇಸಿದುಕೊಂಡು ಮೇಜಿನ ಮೇಲೆ ಹರಡಿದರು. ತೇವಕ್ಕೆ ಮೆತ್ತಗಾಗಿದ್ದ ಕಾಲರಿನ ಹಳೇ ಕಾಗದದ ಅಚ್ಚನ್ನು ಅದರ ಮೇಲಿಟ್ಟು, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿ ಹಾಕಿಯೇಬಿಟ್ಟರು.

"ಕಾಗದ ಗಟ್ಟಿಯಾಗಿದೆ, ಒಳ್ಳೇದಾಯ್ತು. ಹೋಗು, ಕೈಕಾಲು ತೊಳ್ಕೊಂಡು ಬಾ. ಇನ್ನೂ ಒಂಬತ್ತು ಷರ್ಟಿದೆ."