ಒಳಗಿನ ಹಿಡಿಕೆ

ಶಿವಗಂಗವ್ವ ಅಣ್ಣಿಗೇರಿಯ ಕೋಲ್ಡ್ ಸ್ಟೋರೇಜಿನಲ್ಲಿ ಹನ್ನೊಂದು ವರ್ಷದಿಂದ ಕಸ ಗುಡಿಸುತ್ತಾಳೆ. ಅಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ವೈರ್‌ಲೆಸ್ ಸೆನ್ಸರ್‌ಗಳನ್ನು ತೂಗುಹಾಕಿದ್ದಾರೆ. ಎರಡು ಡಿಗ್ರಿ ಬಿಸಿ ಏರಿದರೆ ಸಾಕು, ಆಫೀಸಿನಲ್ಲಿ ಕೂತ ಮಾಲೀಕನ ಮೊಬೈಲ್ ಕೂಗುತ್ತದೆ. ಆದರೆ ಬಾಗಿಲಿನ ಒಳಗಿನ ಹಿಡಿಕೆ ಮುರಿದಿದೆ ಎಂದು ಇವಳು ಮೂರು ತಿಂಗಳಿಂದ ಹೇಳುತ್ತಿದ್ದುದು ಮಾತ್ರ ಆ ಮಹಾನುಭಾವನ ಕಿವಿಗೆ ಬಿದ್ದಿರಲಿಲ್ಲ.

ಮೊನ್ನೆ ಅವಳು ಒಳಗಿದ್ದಾಗಲೇ ಬಾಗಿಲು ಮುಚ್ಚಿಕೊಂಡಿತು. ಬಡಿದಳು, ಕೂಗಿದಳು, ಒಬ್ಬರೂ ಬರಲಿಲ್ಲ. ಕೊನೆಗೆ ಒಂದು ಸೆನ್ಸರ್ ಕಿತ್ತು ಕಂಕುಳಲ್ಲಿ ಒತ್ತಿ ಹಿಡಿದಳು.

ಐದೇ ನಿಮಿಷದಲ್ಲಿ ಮಾಲೀಕ ಓಡಿ ಬಂದು ಬಾಗಿಲು ತೆಗೆದ.

“ಕಾಯಿಗೆ ಏನಾತು?” ಎಂದ.

ಅವಳು ನಡುಗುತ್ತಲೇ ಸೆನ್ಸರನ್ನು ಅವನ ಅಂಗೈಗೆ ಕುಕ್ಕಿದಳು.

“ಕಾಯಿ ಅಗದಿ ತಣ್ಣಗ ಅದಾವ್ರಿ. ಇದನ್ನ ನನ್ನ ಕೊಳ್ಳಾಗ ಕಟ್ರಿ, ನನಗೂ ಜೀವ ಐತಿ ಅಂತ ನಿಮಗ ಗೊತ್ತಾಗ್ಲಿ!”