ತಮ್ಮಣ್ಣ ತಂದ ಕಪ್ಪು ಮಣ್ಣು

ಏನೇ ಇರಲಿ, ಒಳ್ಳೆಯದನ್ನೇ ತೋರಿಸಬೇಕು ಎಂಬ ಹಟ ತಮ್ಮಣ್ಣನದು. ಅಂಗಿಗೆ ಇಸ್ತ್ರಿಯಿಲ್ಲದೆ ಅವನು ಎಂದೂ ಮುಸಫ್ಫಾಕ್ಕೆ ಬಂದವನಲ್ಲ. ಊರಿಗೆ ಕಳಿಸುವ ಫೋಟೋಗಳಲ್ಲಿ ಯಾರದೋ ಕಾರಿಗೆ ಒರಗಿ ನಿಂತಿರುತ್ತಿದ್ದ. ಬಾಗಲಕೋಟೆ ಕಡೆಯ ಈ ಮನುಷ್ಯ ಕೊಲ್ಲಿ ದೇಶದಲ್ಲಿ, ಅಲ್ ಐನ್ ರಸ್ತೆಯ ತೋಟವೊಂದರಲ್ಲಿ ಮೇಸ್ತ್ರಿ. ನಾನು ಉಡುಪಿ ಕಡೆಯ ಪಾಯ್ಸ್, ಮುಸಫ್ಫಾದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ನೌಕರ.

೧೯೯೮ರ ಅಕ್ಟೋಬರಿನಲ್ಲಿ ಅವನು ಮಣ್ಣಿನ ಚೀಲ ಹಿಡಿದು ಬಂದ. ತೋಟದ ಯಜಮಾನನನ್ನು ಅಲ್ಲಿ ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ತಮ್ಮಣ್ಣನ ಮಾತು ನಂಬಿ ಅವನು ಒಂದು ತುಂಡು ನೆಲವನ್ನು ನೀರುಳ್ಳಿಗೆ ಬಿಟ್ಟಿದ್ದ. ಬೆಳೆ ಕೈಕೊಟ್ಟರೆ ಅಲ್ಲಿ ಖರ್ಜೂರ ನೆಡುವುದು, ತಮ್ಮಣ್ಣನ ವೀಸಾ ಕ್ಯಾನ್ಸಲ್. ಚೀಲದ ಮಣ್ಣು ಕಪ್ಪಗೆ, ಜರಡಿ ಹಿಡಿದಷ್ಟು ನಯವಾಗಿತ್ತು. ಬೆಳೆಗೆ ಸಿಗುವ ಸಾರಜನಕ ಅಳೆದರೆ ಬೇಕಾದಷ್ಟಿತ್ತು. ಯೂರಿಯಾ ಬೇಡ ಎಂದು ಬರೆದುಕೊಟ್ಟೆ.

ಡಿಸೆಂಬರಿನಲ್ಲಿ ಫೋನ್ ಬಂತು, ಸಸಿಗಳೆಲ್ಲ ಹಳದಿಯಾಗಿವೆಯಂತೆ. ಶುಕ್ರವಾರದ ರಜೆ ಹಾಳುಮಾಡಿಕೊಂಡು ಹೋದೆ. ಬಿಳಿಚಿದ ಮರಳಿನಲ್ಲಿ ಸಸಿಗಳು ಸೊರಗಿ ನಿಂತಿದ್ದವು. ಕಪ್ಪು ಮಣ್ಣು ಎಲ್ಲೂ ಕಾಣಲಿಲ್ಲ.

“ಅವತ್ತು ಮಣ್ಣು ಎಲ್ಲಿಂದ ತಂದದ್ದು ಮಾರಾಯ?” ಎಂದೆ.

ತಮ್ಮಣ್ಣ ಆಡಿನ ದೊಡ್ಡಿಯ ಕಡೆ ಕೈ ತೋರಿಸಿದ. “ಅಲ್ಲಿಂದ್ರೀ ಸರ. ಹೊಲದಾಗ ಬರೇ ಉಸುಕು. ಅದನ್ನ ಹ್ಯಾಂಗ ತಂದು ನಿಮ್ಮ ಟೇಬಲ್ ಮ್ಯಾಲೆ ಇಡ್ಲಿ? ನಾಚಿಕಿ ಬಂತು.”

ನನಗೆ ಪಿತ್ತ ನೆತ್ತಿಗೇರಿತು. “ಹೆಣ್ಣು ನೋಡ್ಲಿಕ್ಕೆ ಬಂದವರಿಗೆ ಪಕ್ಕದ ಮನೆ ಹುಡುಗಿಯನ್ನು ತೋರಿಸಿದ ಹಾಗಾಯ್ತು,” ಎಂದೆ. ಅವನು ತಲೆ ತಗ್ಗಿಸಿದ. ಪಾಪ ಎನಿಸಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಹೊಲದ ಮೂಲೆ, ನಡು, ಅಂಚು ಎಲ್ಲ ಕಡೆಯಿಂದ ಅವನ ಕೈಯಿಂದಲೇ ಮಣ್ಣು ತೆಗೆಸಿ ಬಕೆಟ್ಟಿನಲ್ಲಿ ಬೆರೆಸಿದೆ. ತೀರಾ ಸೊರಗಿದ ಸಾಲು ಬಂದಾಗ ಅವನು ದಾಟಿ ಮುಂದೆ ಹೊರಟ. “ಅಲ್ಲಿಯದ್ದೇ ಬೇಕು,” ಎಂದು ನಿಲ್ಲಿಸಿದೆ. ಈ ಸಲ ಲ್ಯಾಬಿನಲ್ಲಿ ಅಳೆದರೆ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹನಿ ನೀರಿನ ಜೊತೆ ಯೂರಿಯಾವನ್ನು ಸ್ವಲ್ಪ ಸ್ವಲ್ಪವೇ ಕೊಡಿಸಿದೆ. ಎಲೆ ಹಸಿರಾಯಿತು. ಆದರೆ ತಡವಾಗಿತ್ತು, ಹೆಚ್ಚಿನ ಗಡ್ಡೆಗಳು ಸಾಧಾರಣ ಗಾತ್ರಕ್ಕೇ ನಿಂತವು.

ಏಪ್ರಿಲಿನಲ್ಲಿ ಬೆಳೆ ಅಲ್ ಮೀನಾ ಮಾರುಕಟ್ಟೆಗೆ ಬಂತು. ಅರ್ಬಾಬ್ ಅಲ್ಲಿಗೇ ಬಂದು ನೋಡಿ ತೀರ್ಮಾನಿಸುವವನಿದ್ದ. ನಾನೂ ಹೋಗಿದ್ದೆ. ಸುತ್ತಲಿನ ಚೀಲಗಳಲ್ಲೆಲ್ಲ ಮೇಲೆ ದಪ್ಪ ಗಡ್ಡೆ, ಕೆಳಗೆ ಗೋಲಿಯಂಥ ಸಣ್ಣವು. ತಮ್ಮಣ್ಣನ ಚೀಲದ ಬಾಯಲ್ಲೇ ಗೋಲಿಗಳಿದ್ದವು.

“ಆರಿಸಿ ತುಂಬ್ಲಿಲ್ವಾ?” ಎಂದು ಪಿಸುಗುಟ್ಟಿದೆ.

“ಇಲ್ರೀ ಸರ. ಹೊಲದಾಗ ಹ್ಯಾಂಗ ಬಂದಾವೋ ಹಂಗ ತುಂಬೀನಿ.”

ಅರ್ಬಾಬ್ ತೋಳು ಮೇಲೇರಿಸಿ ಚೀಲದ ತಳದವರೆಗೆ ಕೈ ಹಾಕಿದ. ಹೊರಬಂದ ಗಡ್ಡೆ ಮೇಲಿನವುಗಳಿಗಿಂತ ದಪ್ಪವಿತ್ತು. ಇನ್ನೊಂದು ಚೀಲಕ್ಕೂ ಕೈ ಹಾಕಿ ನೋಡಿದ, ಅಲ್ಲೂ ತಳದಲ್ಲಿ ಏನೂ ಅಡಗಿಸಿರಲಿಲ್ಲ. ಆಮೇಲೆ ನಕ್ಕ.

“ಖಜೂರ್ ಮಾಫಿ. ಅಗ್ಲಾ ಸಾಲ್ ಭೀ ಪ್ಯಾಜ್,” ಎಂದ, ತನಗೆ ಬರುವ ಹಿಂದಿಯಲ್ಲಿ. ಖರ್ಜೂರ ಬೇಡ, ಬರುವ ವರ್ಷವೂ ನೀರುಳ್ಳಿಯೇ.

ತಮ್ಮಣ್ಣ ಇಸ್ತ್ರಿಯ ತೋಳಿನಿಂದಲೇ ಕಣ್ಣೊರೆಸಿಕೊಂಡ. ನೆಲಕ್ಕೆ ಉದುರಿದ್ದ ಗೋಲಿಗಳನ್ನು ಹೆಕ್ಕಿ ಚೀಲದ ಮೇಲಕ್ಕೇ ಹಾಕಿದ.