ಖಂಡೇನವಮಿಯ ಪಿಯಾನೋ

ಮಹಾರಾಷ್ಟ್ರದ ಗಡಿಯ ಉಮರ್ಗಾದ ಗಂಡನ ಮನೆಗೆ ನನ್ನ ಪಿಯಾನೋ ಬಂದಿಳಿದ ಮರುದಿನವೇ ಅದರ ಮೇಲೆ ತೊಗರಿ ಚೀಲ ಹತ್ತಿ ಕುಂತಿದ್ದವು. "ಸಪಾಟ ಜಾಗಾ ಅದಲ್ಲ, ಅದಕ್ಕೇ ಇಟ್ಟೀವಿ" ಅಂದರು ಅತ್ತೆ. ತವರಾದ ಕಲಬುರಗಿಯಲ್ಲಿ ಅದರ ಮೇಲೆ ಚಹಾದ ಕಪ್ಪು ಇಟ್ಟರೂ ನನ್ನ ಪಿಯಾನೋ ಟೀಚರ್ ಕೈಗೆ ಏಟು ಕೊಡುತ್ತಿದ್ದರು.

ಇಲ್ಲಿ ನನಗೆ ಹೆಸರಿಲ್ಲ. ಎಲ್ಲರಿಗೂ ನಾನು ಸೂನಬಾಯಿ, ಅಂದರೆ ಸೊಸೆ. ಮನೆಯ ಮಾತು ಅರ್ಧ ಕನ್ನಡ, ಸಿಟ್ಟು ಬಂದರೆ ಪೂರ್ತಿ ಮರಾಠಿ. ಅದೂ ಬರಬರುತ್ತ ನನಗೆ ಬಂತು. ನಾನು ಬಾರಿಸುವುದು ಮಾತ್ರ ಇವರ ತಲೆಗೆ ಹತ್ತಲಿಲ್ಲ.

ನಾನು ಬಾರಿಸುವುದು ಬರೋಕ್, ಮುನ್ನೂರು ವರ್ಷ ಹಳೆಯ ಯುರೋಪಿನ ಸಂಗೀತ. ಪಿಯಾನೋ ಇನ್ನೂ ಬಳಕೆಗೆ ಬರದ ಕಾಲದಲ್ಲಿ, ತಂತಿ ಮೀಟುವ ಹಾರ್ಪ್ಸಿಕಾರ್ಡ್ ಎಂಬ ವಾದ್ಯಕ್ಕೆ ಕಟ್ಟಿದ್ದು. ಅದರಲ್ಲಿ ಸ್ವರ ಹುಟ್ಟಿದ್ದೇ ಆರಿಹೋಗುತ್ತದೆ. ಈಗಿನ ಪಿಯಾನೋದಲ್ಲಿ ಕಾಲಡಿಯ ಪೆಡಲ್ ಒತ್ತಿದರೆ ಸ್ವರಗಳೆಲ್ಲ ಕೂಡಿ ಗುಂಯ್ ಅನ್ನುತ್ತವೆ. ಟೀಚರ್ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಎರಡು ಕೈ ಎರಡು ಬೇರೆ ಹಾಡು ಹಾಡುತ್ತವೆ, ಎರಡೂ ಬಿಡಿಬಿಡಿಯಾಗಿ ಕೇಳಬೇಕು.

"ಇಬ್ಬರು ನೆಗೆಣ್ಣೇರು ಕೂಡೇ ಮಾತಾಡಿದಂಗ ಅದ" ಅಂತ ವಾರಗಿತ್ತಿಯರ ಜಗಳಕ್ಕೆ ಹೋಲಿಸಿ ಅತ್ತೆ ಮುಖ ತಿರುವಿದರು. ಪಕ್ಕದೂರು ತುರೋರಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಪೆಡಲ್ ಒತ್ತಿ ಬಾರಿಸಿದ ಸಿನಿಮಾ ಹಾಡಾದರೆ ಸಾಕು. ನಾನು ಬಿಡಲಿಲ್ಲ. ಎಲ್ಲರೂ ಹೊಲಕ್ಕೆ ಹೋದ ಮೇಲೆ ಸಿಗುವ ಮಧ್ಯಾಹ್ನದ ಒಂದು ತಾಸಿಗಾಗಿಯೇ ಈ ಊರಲ್ಲಿ ಜೀವ ಹಿಡಿದಿದ್ದೆ.

ಹೋದ ದಸರೆಯಲ್ಲಿ ಖಂಡೇನವಮಿ ಬಂತು, ಅದೇ ಆಯುಧ ಪೂಜೆ. ಟ್ರ್ಯಾಕ್ಟರ್, ಕುಡುಗೋಲು, ಹೊಲಿಗೆ ಮಷೀನು, ಮನೆಯಲ್ಲಿ ದುಡಿಯುವ ಹತ್ಯಾರಕ್ಕೆಲ್ಲ, ಅಂದರೆ ಸಲಕರಣೆಗೆಲ್ಲ, ಪೂಜೆ. ಪಿಯಾನೋಕ್ಕೆ ಎಂದೂ ಆ ಮರ್ಯಾದೆ ಇರಲಿಲ್ಲ. ಆ ಸಲ ನಾನು ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಅತ್ತೆ ಅದಕ್ಕೆ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿ, ಮುಚ್ಚಳ ತೆಗೆದು, ಕಾಯಿ ಒಡೆದು ನೀರನ್ನು ಕೀಗಳ ಮೇಲೆಯೇ ಬಿಟ್ಟಿದ್ದರು.

"ಇದು ನಿನ್ನ ಹತ್ಯಾರ ಅಲ್ಲೇನವಾ? ಇಷ್ಟ ದಿನ ಬಿಟ್ಟಿದ್ವಿ, ತಪ್ಪಾತು" ಅಂದರು.

ನನ್ನನ್ನು ಈ ಮನೆಯವಳು ಅಂತ ಅವರು ಒಪ್ಪಿದ ಮೊದಲ ದಿನ ಅದು. ಏನಂತ ಬೈಯಲಿ? ಕೈ ಮುಗಿದೆ. ಒರೆಸುವ ಹಾಗೂ ಇರಲಿಲ್ಲ, ಪೂಜೆಯಾದ ಹತ್ಯಾರವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ.

ಮರುದಿನ ನಟ್ಟನಡುವಿನ ಮೂರು ಕೀ ಒತ್ತಿದರೆ ಮೇಲೇಳಲಿಲ್ಲ. ಸೋಲಾಪುರದಿಂದ ಬಂದ ರಿಪೇರಿಯವ ಒಳಗಿನ ಕಟ್ಟಿಗೆ ಉಬ್ಬಿದೆ ಎಂದು ಕೈಯೆತ್ತಿದ. "ಪೆಡಲ್ ಒತ್ತಿ ಬಾರಸು, ಗೊತ್ತಾಗಂಗಿಲ್ಲ" ಅಂದ ಗಂಡ. ಸಿನಿಮಾ ಹಾಡಿನಲ್ಲಿ ಗೊತ್ತಾಗುವುದಿಲ್ಲ, ಖರೆ. ಬರೋಕ್‌ನಲ್ಲಿ ಒಂದು ಸ್ವರ ತಪ್ಪಿದರೂ ಆ ದನಿ ಬಾಯಿಗೆ ಬಂದ ಮಾತು ನುಂಗಿಕೊಂಡ ಹಾಗಾಗುತ್ತದೆ. ಹಟಕ್ಕೆ ಬಿದ್ದು ಆ ಮೂರನ್ನು ಬಿಟ್ಟೇ ಬಾರಿಸುತ್ತ ಬಂದೆ. ಕಾಯಿನೀರಿನಿಂದಲೇ ಕೆಟ್ಟಿತೆಂದು ಅತ್ತೆಗೆ ಹೇಳಿಲ್ಲ. ಅವರು ಬಂದ ನೆಂಟರಿಗೆಲ್ಲ "ನಮ್ಮ ಸೂನಬಾಯಿ ಹತ್ಯಾರ" ಅಂತ ಹೆಮ್ಮೆಯಿಂದ ತೋರಿಸುತ್ತಾರೆ.

ಮೊನ್ನೆ ಕಲಬುರಗಿಗೆ ಹೋದಾಗ ಹೆತ್ತವ್ವ ಇದನ್ನೆಲ್ಲ ಕೇಳಿ, "ಆ ಮಂದಿಗಿ ಏನ್ ತಿಳೀತದ" ಅಂದಳು. "ಪೂಜಾ ಮಾಡ್ಯಾರ ಬೇ, ಒಡದಿಲ್ಲ" ಅಂತ ಅವಳ ಮೇಲೆಯೇ ಹರಿಹಾಯ್ದೆ. ಅವರ ಪರವಾಗಿ ನಾನ್ಯಾಕೆ ಮಾತಾಡಿದೆನೋ.

ಸಂಜೆ ಟೀಚರ್ ಮನೆಗೆ ಹೋಗಿ ಅವರ ಪಿಯಾನೋ ಮುಂದೆ ಕುಂತೆ. ಎಲ್ಲ ಕೀಗಳೂ ಬೆಣ್ಣೆಯ ಹಾಗೆ ಇಳಿದು ಏಳುತ್ತಿದ್ದವು. ಕಣ್ಣು ಮುಚ್ಚಿ ಬಾರಿಸಿದೆ. ನಡುವೆಯೇ ಟೀಚರ್ ನನ್ನ ಕೈ ಹಿಡಿದರು.

"ನಡುವಿನ ಸ್ವರಾ ಯಾಕ ಬಿಟ್ಟಿ?"

ಬಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ. ಮೊದಲಿಂದ ಬಾರಿಸಿದೆ. ಬೆರಳು ಮತ್ತೆ ಅಲ್ಲೇ ಹಾರಿದವು.